ಲೈನ್ ಮಾರಾಟದ ಬಿಲ್ಲಿಗೆ ಟ್ಯಾಬ್ ಮೇಲೋ, ಪ್ರಿಂಟರ್ ಒಳಗೇ ಇರುವ ಕೈಯಂತ್ರ ಮೇಲೋ?

ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ, ಹೊಸನಗರದ ಕಡೆಗೆ ಲೈನ್ ಗಾಡಿಯಲ್ಲಿ ಹೋಗಿ ಹಪ್ಪಳ, ಮೈಸೋಪು, ಬಟ್ಟೆ ತೊಳೆಯುವ ಪುಡಿ ಮುಂತಾದ ಸರಕನ್ನು ಕಿರಾಣಿ ಅಂಗಡಿಗಳಿಗೆ ಹಾಕುವ ವ್ಯಾಪಾರ ನಮ್ಮದು. ಸರಕು ಇಳಿಸಿದ ಜಾಗದಲ್ಲೇ ಬಿಲ್ ಮಾಡಿ, ಹಣ ಪಡೆದು, ರಸೀದಿ ಕೊಟ್ಟು ಮುಂದಿನ ಅಂಗಡಿಗೆ ಹೊರಡಬೇಕು. ಈ ಕೆಲಸಕ್ಕೆ ಎರಡು ಬಗೆಯ ಸಲಕರಣೆಗಳನ್ನು ಬಳಸಿ ನೋಡಿದ್ದೇನೆ. ಒಂದು, ಸಿಮ್ ಹಾಕಬಹುದಾದ ಎಂಟೂವರೆ ಅಂಗುಲದ ಆಸುಪಾಸಿನ ಆಂಡ್ರಾಯ್ಡ್ ಟ್ಯಾಬ್ ಮತ್ತು ಅದರ ಜೊತೆಗೆ ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಳ್ಳುವ 3 ಅಂಗುಲದ ಬ್ಲೂಟೂತ್ ಪ್ರಿಂಟರ್. ಇನ್ನೊಂದು, ಬಸ್ಸಿನ ಕಂಡಕ್ಟರ್ ಹಿಡಿಯುವ ಟಿಕೆಟ್ ಯಂತ್ರದಂತೆ ಪ್ರಿಂಟರನ್ನೂ ಪರದೆಯನ್ನೂ ಒಂದೇ ಮೈಯಲ್ಲಿ ಹೊಂದಿರುವ ಆಂಡ್ರಾಯ್ಡ್ ಕೈಯಂತ್ರ. ಒಂದೊಂದು ಅಂಗಡಿಗೂ ಹತ್ತಾರು ಬಗೆಯ ಸರಕು ಹಾಕುವವರಿಗೆ ಟ್ಯಾಬೇ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇದಕ್ಕೆ ಮೊದಲ ಕಾರಣ ತೆರಿಗೆಯ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲಿ ಮೈಸೋಪು ಶೇ 18ರಿಂದ ಶೇ 5ಕ್ಕೆ ಇಳಿಯಿತು. ಬಟ್ಟೆ ತೊಳೆಯುವ ಪುಡಿ ಶೇ 18ರಲ್ಲೇ ಉಳಿಯಿತು. ಹಪ್ಪಳಕ್ಕೆ ಮೊದಲಿನಿಂದಲೂ ತೆರಿಗೆ ಇಲ್ಲ. ಹೀಗಾಗಿ ಒಂದೇ ಬಿಲ್ಲಿನಲ್ಲಿ ಮೂರು ದರಗಳು ಬರುತ್ತವೆ, ತೆರಿಗೆ ಇರುವ ಪ್ರತಿ ಸರಕಿನಲ್ಲೂ ಕೇಂದ್ರದ ಪಾಲು, ರಾಜ್ಯದ ಪಾಲು ಎಂದು ಬೇರೆ ಬೇರೆ ತೋರಿಸಬೇಕಾಗುತ್ತದೆ. ಕಾರ್ಬನ್ ಬಿಲ್ ಬುಕ್ಕಿನಲ್ಲಿ ಇದನ್ನು ಗಾಡಿಯ ಪಕ್ಕದಲ್ಲಿ ನಿಂತು ಬರೆಯುವುದು ಕಷ್ಟ. ಟ್ಯಾಬ್, ಕೈಯಂತ್ರ ಎರಡೂ ಈ ಕಷ್ಟವನ್ನು ತಪ್ಪಿಸುತ್ತವೆ. ಆದರೆ ಕೈಯಂತ್ರದ ಸಣ್ಣ ಪರದೆಯಲ್ಲಿ ಒಂದು ಸಲಕ್ಕೆ ನಾಲ್ಕೈದು ಸರಕಿನ ಸಾಲುಗಳಷ್ಟೇ ಕಾಣುವುದರಿಂದ, ಒಟ್ಟು ಮೊತ್ತ ಹೇಳುವ ಮೊದಲು ಮೇಲೆ ಕೆಳಗೆ ಸರಿಸುತ್ತ ಪರಿಶೀಲಿಸಬೇಕಾಗುತ್ತದೆ. ಟ್ಯಾಬಿನಲ್ಲಿ ಇಡೀ ಬಿಲ್ ಒಂದೇ ನೋಟಕ್ಕೆ ಸಿಗುತ್ತದೆ, ಅದನ್ನು ಹಾಗೆಯೇ ಅಂಗಡಿಯವರ ಕಡೆಗೆ ತಿರುಗಿಸಿದರೆ ಅವರು ತಮ್ಮ ಎದುರಿನ ಸರಕಿನೊಂದಿಗೆ ತಾಳೆ ನೋಡುತ್ತಾರೆ. ಮುದ್ರಣಕ್ಕೆ ಮೊದಲೇ ಈ ತಾಳೆ ನಡೆದರೆ ಬಿಲ್ ರದ್ದು ಮಾಡುವ ಪ್ರಸಂಗ ಬಹಳ ಕಡಿಮೆಯಾಗುತ್ತದೆ. ಫೋನನ್ನೂ ಇದೇ ಕೆಲಸಕ್ಕೆ ಬಳಸಬಹುದು, ಆದರೆ ಬಿಲ್ ಮಾಡುವ ನಡುವೆ ಕರೆ ಬಂದರೆ ಕೆಲಸ ನಿಲ್ಲುವುದರಿಂದ ಅದನ್ನು ಈ ಹೋಲಿಕೆಯಿಂದ ಹೊರಗಿಟ್ಟಿದ್ದೇನೆ.

ಮುದ್ರಣದ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಕೈಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು 2 ಅಂಗುಲದ್ದು ಎಂದು ಕರೆಯುವ 58 ಮಿ.ಮೀ. ಅಗಲದ ಕಾಗದ, ಅದರಲ್ಲಿ ಅಕ್ಷರ ಬೀಳುವ ಜಾಗ 48 ಮಿ.ಮೀ. ಮಾತ್ರ, ಇಂಗ್ಲಿಷಿನಲ್ಲಾದರೆ ಸಾಲಿಗೆ 32 ಅಕ್ಷರ. ಸರಕಿನ ಹೆಸರು, ತೆರಿಗೆಗಾಗಿ ಸರಕಿನ ಬಗೆಯನ್ನು ಗುರುತಿಸುವ ನಾಲ್ಕು ಅಂಕಿಯ ಎಚ್‌ಎಸ್‌ಎನ್ ಸಂಖ್ಯೆ, ಪ್ರಮಾಣ, ದರ, ಮೊತ್ತ ಇಷ್ಟನ್ನೂ ಆ ಅಗಲದಲ್ಲಿ ಕೂರಿಸಲು ಒಂದೊಂದು ಸರಕಿಗೂ ಎರಡು ಮೂರು ಸಾಲು ಬೇಕಾಗಿ, ಬಿಲ್ ಮೊಳದುದ್ದ ಬೆಳೆಯುತ್ತದೆ. 3 ಅಂಗುಲದ ಪ್ರಿಂಟರಿನ 80 ಮಿ.ಮೀ. ಕಾಗದದಲ್ಲಿ 72 ಮಿ.ಮೀ. ಜಾಗವೂ ಸಾಲಿಗೆ 48 ಅಕ್ಷರವೂ ಸಿಗುವುದರಿಂದ ಅದೇ ಬಿಲ್ ಓದಲು ಬರುವ ಕೋಷ್ಟಕವಾಗಿ ಮೂಡುತ್ತದೆ.

ಕನ್ನಡದಲ್ಲಿ ಮುದ್ರಿಸುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಬಿಸಿಯಿಂದ ಅಕ್ಷರ ಮೂಡಿಸುವ ಕಡಿಮೆ ಬೆಲೆಯ ಥರ್ಮಲ್ ಪ್ರಿಂಟರುಗಳ ಒಳಗೆ ಸಾಮಾನ್ಯವಾಗಿ ಕನ್ನಡ ಅಕ್ಷರಗಳಿರುವುದಿಲ್ಲ. ಆದ್ದರಿಂದ ಬಿಲ್ಲಿನ ಆ್ಯಪ್ ಕನ್ನಡ ಸಾಲುಗಳನ್ನು ಚಿತ್ರವಾಗಿ ಮಾಡಿ ಕಳುಹಿಸಬೇಕು. ಈ ವ್ಯವಸ್ಥೆಯಿಲ್ಲದ ಆ್ಯಪಿನಿಂದ ಮುದ್ರಿಸಿದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳು ಅಥವಾ ಅರ್ಥವಿಲ್ಲದ ಗುರುತುಗಳು ಬೀಳುತ್ತವೆ. ಚಿತ್ರವಾಗಿ ಕಳುಹಿಸಿದಾಗ ಮುದ್ರಣ ತುಸು ನಿಧಾನವಾಗುತ್ತದೆ, ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬೇಕಿರುವುದರಿಂದ ಕಾಗದವೂ ಹೆಚ್ಚು ಹೋಗುತ್ತದೆ. ಹಾಗಿದ್ದರೂ ಸರಕಿನ ಹೆಸರು ಕನ್ನಡದಲ್ಲೇ ಇರಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ, ಏಕೆಂದರೆ ಸಂಜೆ ಬಿಲ್ ತೆಗೆದು ಸರಕು ಎಣಿಸುವವರು ಮನೆಯ ಹಿರಿಯರು, ಅವರು ಓದಲಾಗದ ಬಿಲ್ ಅವರ ಪಾಲಿಗೆ ಬಿಲ್ಲೇ ಅಲ್ಲ. ಎರಡು ಅಂಗುಲದ ಕಾಗದದಲ್ಲಿ ಕನ್ನಡ ಹಿಡಿಸುವುದಿಲ್ಲವೆಂದಲ್ಲ, ಹೆಸರುಗಳನ್ನು ಕತ್ತರಿಸಬೇಕಾಗುತ್ತದೆ.

ಪಾವತಿಯ ವಿಷಯಕ್ಕೆ ಬಂದರೆ ಕೈಯಂತ್ರಕ್ಕೆ ಒಂದು ನಿಜವಾದ ಮೇಲುಗೈ ಇದೆ. ಪಾವತಿ ಸಂಸ್ಥೆಯೇ ಕೊಡುವ ಯಂತ್ರವಾದರೆ ಕಾರ್ಡನ್ನೂ ತೆಗೆದುಕೊಳ್ಳುತ್ತದೆ, ಹಣ ಜಮೆಯಾದದ್ದು ಖಚಿತವಾದ ಮೇಲೆ ಚೀಟಿಯನ್ನು ತಾನೇ ಮುದ್ರಿಸುತ್ತದೆ. ಆದರೆ ನಾನು ಬಳಸಿದ ಯಂತ್ರದಲ್ಲಿ ನಮ್ಮ ಬಿಲ್ಲಿನ ಆ್ಯಪ್ ಹಾಕಲು ಅವಕಾಶವಿರಲಿಲ್ಲ; ಅದು ಕೊಡುತ್ತಿದ್ದ ಚೀಟಿಯಲ್ಲಿ ಮೊತ್ತವಿತ್ತೇ ಹೊರತು ಬಿಲ್ ಸಂಖ್ಯೆ ಇರಲಿಲ್ಲ. ರಾತ್ರಿ ಲೆಕ್ಕ ಕೂಡಿಸುವಾಗ ಯಾವ ಚೀಟಿ ಯಾವ ಬಿಲ್ಲಿನದು ಎಂದು ಹುಡುಕಬೇಕಾಗುತ್ತಿತ್ತು.

ಟ್ಯಾಬಿನಲ್ಲಿ ಬಿಲ್ ಮುಗಿಯುತ್ತಲೇ ಮೊತ್ತವನ್ನೂ ಬಿಲ್ ಸಂಖ್ಯೆಯನ್ನೂ ಒಳಗೊಂಡ ಯುಪಿಐ ಕ್ಯೂಆರ್ ಪರದೆಯ ಮೇಲೆ ಬರುತ್ತದೆ. "ಅಣ್ಣಾ, ಸ್ಕ್ಯಾನರ್ ತೋರಿಸಿ" ಎನ್ನುವ ಅಂಗಡಿಯವರು ಮೊತ್ತ ಒತ್ತುವ ಅಗತ್ಯವೇ ಇಲ್ಲದೆ ಪಿನ್ ಹಾಕಿ ಮುಗಿಸುತ್ತಾರೆ. ಈ ಕ್ಯೂಆರ್ ರಚಿಸಲು ನಮ್ಮ ಕಡೆ ಇಂಟರ್‌ನೆಟ್ ಬೇಕಿಲ್ಲ ಎಂಬುದು ಮಲೆನಾಡಿನ ಕಣಿವೆಗಳಲ್ಲಿ ಸಣ್ಣ ಅನುಕೂಲವಲ್ಲ. ಅದೇ ಕ್ಯೂಆರನ್ನು ಬಿಲ್ಲಿನ ಕೊನೆಯಲ್ಲೂ ಮುದ್ರಿಸುತ್ತೇವೆ. ಉದ್ರಿ ಹೇಳಿದವರು ಹಣ ಕೂಡಿದಾಗ ಅದನ್ನೇ ಸ್ಕ್ಯಾನ್ ಮಾಡಿ ಕಳುಹಿಸಬಹುದು. ಆದರೆ ಕೇವಲ ಯುಪಿಐ ವಿಳಾಸದಿಂದ ತಯಾರಾದ ಕ್ಯೂಆರಿಗೆ ಹಣ ಬಂದಿತೋ ಇಲ್ಲವೋ ಎಂಬುದು ಬಿಲ್ಲಿನ ಆ್ಯಪಿಗೆ ತಾನಾಗಿ ತಿಳಿಯುವುದಿಲ್ಲ. ಬ್ಯಾಂಕಿನ ಸಂದೇಶ ಅಥವಾ ಸೌಂಡ್‌ಬಾಕ್ಸ್ ಬೇಕು. ಎರಡೂ ತಲುಪದ ಕಡೆ ಅಂಗಡಿಯವರ ಫೋನಿನಲ್ಲಿ ಕಾಣುವ 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆಯನ್ನು ಬಿಲ್ಲಿಗೆ ಸೇರಿಸಿ, ಸಿಗ್ನಲ್ ಬಂದ ಕೂಡಲೇ ಬ್ಯಾಂಕ್ ಖಾತೆಯಲ್ಲಿ ನೋಡಿ ಖಚಿತಪಡಿಸಿಕೊಳ್ಳುವುದು ನಾನು ಪಾಲಿಸುವ ಕ್ರಮ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದ ಬಳಿಕ, ಮೊದಲು ಬಿಲ್ ಬೇಡವೆನ್ನುತ್ತಿದ್ದವರೂ ಕೇಳಿ ಪಡೆಯುತ್ತಿದ್ದಾರೆ. ಜಮೆಯಾದ ಹಣದಲ್ಲಿ ತೆರಿಗೆಯಿಲ್ಲದ ಸರಕಿನ ಪಾಲೆಷ್ಟು ಎಂದು ತೋರಿಸಲು ಖರೀದಿಯ ಬಿಲ್ಲು ಅವರಿಗೆ ಬೇಕೇ ಬೇಕು. ಇಲ್ಲಿ ಎರಡೂ ಸಲಕರಣೆಗಳಿಗೆ ಒಂದೇ ದೌರ್ಬಲ್ಯವಿದೆ, ಈ ಒಂದು ವಿಷಯದಲ್ಲಿ ಕಾರ್ಬನ್ ಬಿಲ್ ಬುಕ್ಕು ಇವನ್ನು ಸೋಲಿಸುತ್ತದೆ. ಥರ್ಮಲ್ ಕಾಗದದಲ್ಲಿ ಶಾಯಿಯಿಲ್ಲ. ಕಾಗದದ ಮೇಲಿನ ರಾಸಾಯನಿಕ ಲೇಪ ಬಿಸಿಗೆ ಕಪ್ಪಾಗುವುದರಿಂದ ಅಕ್ಷರ ಮೂಡುತ್ತದೆ. ಬಿಸಿಲು, ಎಣ್ಣೆ, ಪ್ಲಾಸ್ಟಿಕ್ ಕವರಿನ ಸಂಪರ್ಕದಲ್ಲಿ ಅದು ಮಾಸಿಹೋಗುತ್ತದೆ. ಆದರೆ ಜಿಎಸ್‌ಟಿ ಕಾನೂನಿನಂತೆ ನೋಂದಾಯಿತ ವ್ಯಾಪಾರಿಗಳು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ದಾಖಲೆಗಳನ್ನು ಇಟ್ಟುಕೊಂಡಿರಬೇಕು. ಅದಕ್ಕಾಗಿ ಮುದ್ರಿತ ಪ್ರತಿಯ ಜೊತೆಗೆ ಬಿಲ್ಲಿನ ಪಿಡಿಎಫ್ ಪ್ರತಿಯನ್ನು ವಾಟ್ಸ್‌ಆ್ಯಪಿನಲ್ಲಿ ಕಳುಹಿಸುತ್ತೇವೆ. ಸಿಗ್ನಲ್ ಇಲ್ಲದ ಊರಿನಲ್ಲಿ ಮಾಡಿದ ಬಿಲ್ಲುಗಳು ಆಮೇಲೆ ಹೋಗುತ್ತವೆ, ಆದ್ದರಿಂದ ಇಂಟರ್‌ನೆಟ್ ಇಲ್ಲದೆಯೂ ಬಿಲ್ ಮಾಡಿ ಉಳಿಸಿಕೊಳ್ಳುವ ಆ್ಯಪ್ ಆರಿಸಿಕೊಳ್ಳುವುದು ಯಂತ್ರದ ಆಯ್ಕೆಗಿಂತಲೂ ಮುಖ್ಯ. ಎರಡು ಗಾಡಿಗಳಿದ್ದರೆ ಬಿಲ್ ಸಂಖ್ಯೆ ಒಂದಕ್ಕೊಂದು ಡಿಕ್ಕಿಯಾಗದಂತೆ ಪ್ರತಿ ಟ್ಯಾಬಿಗೂ ಬೇರೆ ಮುನ್ನಕ್ಷರ ಕೊಡಬೇಕು. ಸಂಖ್ಯೆ ಒಟ್ಟು 16 ಅಕ್ಷರ ಮೀರಬಾರದು.

ಟ್ಯಾಬಿನ ತೊಂದರೆಗಳನ್ನೂ ಹೇಳಬೇಕು. ಮಳೆಯ ಹನಿ ಬಿದ್ದ ಪರದೆ ಬೆರಳಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಡಿಯ ಮಾಡಿನ ಕೆಳಗೇ ನಿಂತು ಬಿಲ್ ಮಾಡಬೇಕು. ಟ್ಯಾಬ್, ಪ್ರಿಂಟರ್ ಎರಡನ್ನೂ ಪ್ರತಿ ರಾತ್ರಿ ಚಾರ್ಜಿಗೆ ಹಾಕಬೇಕು. ಬ್ಲೂಟೂತ್ ಸಂಪರ್ಕ ಆಗಾಗ ಕಡಿದುಹೋಗುವುದೂ ಉಂಟು. ಐಪ್ಯಾಡ್ ಕೊಳ್ಳಬೇಕೆಂದಿರುವವರು ಮೊದಲು ಪ್ರಿಂಟರನ್ನು ವಿಚಾರಿಸಬೇಕು, ಏಕೆಂದರೆ ಆಂಡ್ರಾಯ್ಡಿಗೆ ಹೊಂದುವ ಅಗ್ಗದ ಬ್ಲೂಟೂತ್ ಪ್ರಿಂಟರುಗಳಲ್ಲಿ ಹಲವು ಅದಕ್ಕೆ ಹೊಂದುವುದಿಲ್ಲ. ಇಷ್ಟಿದ್ದರೂ ರಿಪೇರಿಯ ಮಾತು ಬಂದಾಗ ಟ್ಯಾಬೇ ಮುಂದಿದೆ: ಪ್ರಿಂಟರ್ ಕೆಟ್ಟರೆ ಪ್ರಿಂಟರನ್ನಷ್ಟೇ ಬದಲಿಸಿ ಮರುದಿನ ಲೈನ್ ಹೊರಡಬಹುದು, ಕೈಯಂತ್ರದ ಮುದ್ರಣ ಭಾಗ ಕೆಟ್ಟರೆ ಯಂತ್ರವೇ ಸರ್ವಿಸಿಗೆ ಹೋಗುತ್ತದೆ.

ಹೊಸ ಬಿಲ್ ಮಾಡದೆ ಹಳೆಯ ಬಾಕಿ ವಸೂಲಿಗೆ ಮಾತ್ರ ಬೈಕಿನಲ್ಲಿ ಹೋಗುವ ನಮ್ಮ ಹುಡುಗನಿಗೆ ನಾನೇ ಕೈಯಂತ್ರ ಕೊಟ್ಟಿದ್ದೇನೆ. ಅದು ನಮ್ಮ ಆ್ಯಪ್ ಹಾಕಿಕೊಳ್ಳಲು ಬಿಡುವಂಥದ್ದು. ಅಂಗಡಿಯ ಹೆಸರು, ಬಂದ ಮೊತ್ತ, ಉಳಿದ ಬಾಕಿ ಇಷ್ಟೇ ಇರುವ ರಸೀದಿಗೆ 2 ಅಂಗುಲದ ಕಾಗದ ಧಾರಾಳವಾಗಿ ಸಾಕು.