371(ಜೆ) ಮೇಲೆ ಪಿಎಚ್‌.ಡಿ.: ಕಡತವೋ, ಊರೋ?

ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದಿ ಕಲ್ಯಾಣ (ಹಿಂದಿನ ಹೈದರಾಬಾದ್) ಕರ್ನಾಟಕಕ್ಕೆ ನೌಕರಿ, ಶಿಕ್ಷಣದಲ್ಲಿ ಮೀಸಲಾತಿ ಮತ್ತು ಅಭಿವೃದ್ಧಿ ಮಂಡಳಿಗೆ ದಾರಿ ಮಾಡಿಕೊಟ್ಟ ಸಂವಿಧಾನದ 371(ಜೆ) ವಿಧಿಯನ್ನೇ ಪಿಎಚ್‌.ಡಿ.ಗೆ ಹಿಡಿಯುವವರಿಗೆ ಎರಡು ದಾರಿಗಳಿವೆ.

ಕಡತದ ದಾರಿಯಲ್ಲಿ ಪ್ರಾದೇಶಿಕ ಅಸಮತೋಲನದ ಕುರಿತ 2002ರ ನಂಜುಂಡಪ್ಪ ವರದಿ, 2012ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿ, 2013ರ ನೇಮಕಾತಿ ಮೀಸಲಾತಿ ಆದೇಶ, ಮಂಡಳಿಯ ಅನುದಾನದ ಲೆಕ್ಕ ಸಿಗುತ್ತವೆ. ಖರ್ಚು ಕಡಿಮೆ, ನೌಕರಿಯಲ್ಲಿದ್ದವರಿಗೆ ಇದೇ ಸರಿ.

ಊರಿನ ದಾರಿ ನಿಧಾನ. ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ, ಔರಾದದಲ್ಲಿ ಮರಾಠಿ ಬೇಕಾಗುತ್ತದೆ. ತೊಗರಿ ರಾಶಿ ಮುಗಿದ ಮೇಲೆ ಹೋದರೆ ಅನೇಕರು ಮುಂಬೈ, ಪುಣೆಗೆ ದುಡಿಯಲು ಹೋಗಿರುತ್ತಾರೆ. ಸಮೀಕ್ಷೆಯನ್ನು ಅದಕ್ಕೂ ಮೊದಲೇ ಇಟ್ಟುಕೊಳ್ಳಿ. ಆದರೂ ನಾನು ಹೇಳುವುದು ಇದನ್ನೇ. ಮಂಜೂರಾದ ಹಣವನ್ನು ಕಡತ ತೋರಿಸುತ್ತದೆ. ಮೀಸಲು ಸೀಟು ಯಾವ ಮನೆಯ ಮಗಳಿಗೆ ಸಿಕ್ಕಿತು, ಯಾವ ಮನೆಗೆ ಸುದ್ದಿಯೇ ಮುಟ್ಟಲಿಲ್ಲ ಎಂಬುದನ್ನು ಊರಲ್ಲಿ ಕುಳಿತು ಕೇಳಿಯೇ ತಿಳಿಯಬೇಕು.