ಬಿಸಿಯೂಟದ ಕಾರ್ಯಾಗಾರ: ಮಧ್ಯಾಹ್ನದ ಮೇಲೆ ಕಳೆಗಟ್ಟಿತು

ಸಂಶೋಧಕರು, ಅಧಿಕಾರಿಗಳು, ಶಾಲೆಯವರು ಒಟ್ಟಿಗೆ ಕೂತು ಮಾತಾಡುವ ಒಂದು ದಿನದ ಕಾರ್ಯಾಗಾರ ಅಂತ ಕಲಬುರಗಿಗೆ ಕರೆದಿದ್ದರು. ವಿಷಯ, ಬಿಸಿಯೂಟದ ಮೊಟ್ಟೆ. ಮುಖ್ಯೋಪಾಧ್ಯಾಯನಿಗೆ ಇದು ದಿನದ ತಲೆನೋವು, ಹಾಗಾಗಿ ಹೋದೆ. ನಡೆಸಿದವರ ಹೆಸರು ಬೇಡ.

ಬೆಳಗ್ಗಿನ ಹೊತ್ತು ಸುಮ್ನೆ ಹೋಯಿತು. ಸ್ಲೈಡುಗಳೆಲ್ಲ ಇಂಗ್ಲಿಷಿನಲ್ಲಿ, ಅಂಕಿಗಳು ಹಿಂದಿನ ಸಾಲಿಗೆ ಕಾಣದಷ್ಟು ಸಣ್ಣ. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ ಚೆನ್ನಾಗಿತ್ತು. ಮೊಟ್ಟೆ ಮಾತ್ರ ಇರಲಿಲ್ಲ!

ಆಮೇಲೆ ಗುಂಪು ಮಾಡಿದರು. ನಮ್ಮ ಮೇಜಿಗೆ ಒಬ್ಬ ಸಂಶೋಧಕಿ, ಒಬ್ಬ ಲೆಕ್ಕಾಧಿಕಾರಿ, ರಾಯಚೂರು ಕಡೆಯ ಒಬ್ಬ ಅಡುಗೆಯಕ್ಕ. ಕನ್ನಡದಲ್ಲೇ ಒಂದು ಪುಟ ಕೊಟ್ಟರು. 2021ರ ಕೊನೆಗೆ ಯಾದಗಿರಿಯಲ್ಲಿ ಮೊಟ್ಟೆ ಶುರುವಾದಾಗ, ಅಲ್ಲಿನ ಮಕ್ಕಳನ್ನು ಮೊಟ್ಟೆ ಸಿಗದ ಗದಗಿನ ಮಕ್ಕಳ ಜೊತೆ ಹೋಲಿಸಿದ ಅಧ್ಯಯನದ ಸಾರ. ಯಾದಗಿರಿಯವರ ತೂಕ ಜಾಸ್ತಿ ಏರಿತ್ತು. "ಎರಡೂ ಜಿಲ್ಲೆಯ ಮಳೆ ಬೇರೆ, ಗುಳೆ ಬೇರೆ, ಮನೆ ಊಟ ಬೇರೆ. ಎಲ್ಲಾ ಮೊಟ್ಟೆಯಿಂದಲೇ ಅಂತ ಹೇಗೆ ಹೇಳ್ತೀರಿ ಮೇಡಂ?" ಅಂದೆ. ಅವರು ನುಣುಚಿಕೊಳ್ಳಲಿಲ್ಲ. ಒಂದೇ ಜಿಲ್ಲೆಯಲ್ಲಿ ಚೀಟಿ ಎತ್ತಿ, ಕೆಲವು ಶಾಲೆಗೆ ಮೊದಲು, ಉಳಿದವಕ್ಕೆ ಆಮೇಲೆ ಕೊಟ್ಟು ನೋಡಿದ್ದರೆ ಇನ್ನೂ ಗಟ್ಟಿಯಾಗಿ ಹೇಳಬಹುದಿತ್ತು ಎಂದರು. ತರಬೇತಿಗಳಲ್ಲಿ ಇಂಥ ನೇರ ಉತ್ತರ ಸಿಗುವುದು ಕಮ್ಮಿ.

ಆಗ ಅಡುಗೆಯಕ್ಕ ಬಾಯಿಬಿಟ್ಟರು. "ಕುದಸೂದು ದೊಡ್ಡ ಮಾತಲ್ರಿ ಸರ್. ಮುನ್ನೂರು ತತ್ತಿ ಸುಲಿಯೋರು ಯಾರ್ರಿ? ಆ ಹೊತ್ತಿಗೇ ಸಾರಿಗೆ ಒಗ್ಗರಣಿ ಹಾಕಬೇಕು."

ಒಂದು ಮೊಟ್ಟೆಗೆ ಸರ್ಕಾರ ಇಟ್ಟಿದ್ದ 6 ರೂಪಾಯಿಯಲ್ಲಿ ಸುಲಿಯುವುದಕ್ಕೆ 30 ಪೈಸೆ. ಮುನ್ನೂರಕ್ಕೆ 90 ರೂಪಾಯಿ. ಬಿಸಿಬಿಸಿಯಾಗಿ ಸುಲಿದರೆ ಬೆರಳು ಸುಡುತ್ತದೆ, ತಣ್ಣೀರಿಗೆ ಹಾಕೋಣ ಅಂದರೆ ನಲ್ಲಿಯಲ್ಲಿ ನೀರಿರಬೇಕಲ್ವಾ? ಲೆಕ್ಕಾಧಿಕಾರಿ ಪೆನ್ನು ತೆಗೆದರು. ಸಂಶೋಧಕಿಯೂ ತಾವು ತಂದಿದ್ದ ಪ್ರಶ್ನಾವಳಿ ತಿರುವಿ ಹಾಕಿದರು. ಮಗು ಎಷ್ಟು ತಿಂದಿತು ಅಂತ ಅದರಲ್ಲಿತ್ತು. ಅಡುಗೆಮನೆಯಲ್ಲಿ ಎಷ್ಟು ಹೊತ್ತು ಹಿಡಿಯಿತು ಅಂತ ಇರಲಿಲ್ಲ. ಅಂಚಿನಲ್ಲಿ ಬರೆದುಕೊಂಡರು. ನನ್ನ ಮಟ್ಟಿಗೆ ಇಡೀ ಕಾರ್ಯಾಗಾರದ ಕೆಲಸ ಆಗಿದ್ದು ಆ ಅರ್ಧ ಗಂಟೆಯಲ್ಲೇ.

ದೂರು ಎರಡಿದೆ. ಚರ್ಚೆಯ ಟಿಪ್ಪಣಿ ಕಳಿಸುತ್ತೇವೆ ಅಂದವರು ಇನ್ನೂ ಕಳಿಸಿಲ್ಲ. ಇನ್ನೊಂದು ಜಾಸ್ತಿ ಚುಚ್ಚಿತು: ನಮಗೆಲ್ಲ ಓಓಡಿ, ಅಂದರೆ ಹೊರಗಿನ ಕೆಲಸಕ್ಕೆ ಹೋದರೂ ಡ್ಯೂಟಿ ಅಂತಲೇ ಲೆಕ್ಕ, ಸಿಕ್ಕಿತ್ತು, ಅಡುಗೆಯಕ್ಕನಿಗೆ ಬಸ್ ಚಾರ್ಜು ಬಿಟ್ಟರೆ ಆ ದಿನದ ಕೂಲಿ ಇಲ್ಲ.

ಐದಕ್ಕೆ ಮೂರು ಕೊಡ್ತೇನೆ. ನಿಮಗೂ ಕರೆ ಬಂದರೆ ಹೋಗಿ, ನಿಮ್ಮ ಶಾಲೆಯ ಅಡುಗೆಯವರನ್ನೂ ಕರೆದುಕೊಂಡು ಹೋಗಿ. ಅವರ ಕೂಲಿ ಯಾರು ಕೊಡ್ತಾರೆ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.