ಏರ್ ರೈಫಲ್‌ಗೆ ಹೊಸ ಬ್ಯಾರಲ್ ಹಾಕಿಸಿ ಮೂರು ವರ್ಷ

ಭಾನುವಾರ ಬೆಳಿಗ್ಗೆ ಆರು ಗಂಟೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿರುವ ನಮ್ಮ ಜೀನ್ಸ್ ಘಟಕದಲ್ಲಿ ಹೊಲಿಗೆ ಯಂತ್ರಗಳೆಲ್ಲ ಮುಸುಕು ಹೊದ್ದು ಸುಮ್ಮನಿರುತ್ತವೆ. ನಾನು ಮಹಡಿಯ ಮೇಲೆ ಕಿಟಕಿಯ ಪಕ್ಕ ಕುಳಿತು ರೈಫಲ್‌ನ ಬ್ಯಾರಲ್ ಒಳಗೆ ನೈಲಾನ್ ದಾರ ಹಾಯಿಸುತ್ತೇನೆ. ದಾರದ ತುದಿಯಲ್ಲಿ ಮೆಣಸಿನ ಕಾಳಿನ ಗಾತ್ರದ ಫೆಲ್ಟ್ ತುಂಡು, ಅದರ ಮೇಲೆ ಒಂದೇ ಒಂದು ಹನಿ ಎಣ್ಣೆ. ಗುಂಡು ತುಂಬುವ ಕಡೆಯಿಂದ ಬಾಯಿಯ ಕಡೆಗೆ, ಒಂದೇ ವೇಗದಲ್ಲಿ, ನಿಧಾನವಾಗಿ ಎಳೆಯುತ್ತೇನೆ. ಮೊದಲ ಒಂದು ಅಡಿಗೂ ಹೆಚ್ಚು ದೂರ ಬೆಣ್ಣೆಯಿಂದ ಕೂದಲು ತೆಗೆದಂತೆ ಬರುತ್ತದೆ. ಕೊನೆಯ ಎರಡು ಬೆರಳಿನಷ್ಟು ಜಾಗದಲ್ಲಿ ಮಾತ್ರ ದಾರ ಕೈಯನ್ನು ಮೆಲ್ಲಗೆ ಹಿಡಿದು ನಿಲ್ಲಿಸುತ್ತದೆ. ಅಲ್ಲಿ ಒಳಗಿನ ರಂಧ್ರವನ್ನು ಕೂದಲೆಳೆಯಷ್ಟು ಕಿರಿದು ಮಾಡಿರುತ್ತಾರೆ. ಅದಕ್ಕೆ ಚೋಕ್ ಎನ್ನುತ್ತಾರೆ. ಮೂರು ವರ್ಷದಿಂದ ಪ್ರತಿ ವಾರ ಆ ಹಿಡಿತವನ್ನು ಬೆರಳಿನಲ್ಲಿ ಅನುಭವಿಸುತ್ತಿದ್ದೇನೆ. ಒಂದು ದಿನವೂ ಅದು ಬದಲಾಗಿಲ್ಲ. ಗುರಿ ತಾಗಿಸುವುದಕ್ಕಿಂತ ಈ ಐದು ನಿಮಿಷದ ಕೆಲಸವೇ ನನಗೆ ಹೆಚ್ಚು ಸಂತೋಷ ಕೊಡುತ್ತದೆ ಎಂಬುದು ಬ್ಯಾರಲ್ ಕೊಳ್ಳುವಾಗ ಗೊತ್ತಿರಲಿಲ್ಲ.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದ ದಿನದಿಂದ ನನಗೆ ಈ ಆಟದ ಮೇಲೆ ಮನಸ್ಸಿತ್ತು. ಕೈಗೆ ರೈಫಲ್ ಬಂದದ್ದು ಮಾತ್ರ ಘಟಕದ ಸಾಲ ತೀರಿದ ಮೇಲೆ. ವಿದೇಶಿ ಸ್ಪರ್ಧಾ ರೈಫಲ್ ಹೊಸದಾದರೆ ಎರಡು ಲಕ್ಷ ದಾಟುತ್ತದೆ; ಆದ್ದರಿಂದ ಕರಾವಳಿಯ ಒಬ್ಬರಿಂದ ಹಳೆಯದನ್ನು ಕೊಂಡೆ. ಹಿಡಿಕಟ್ಟು, ಟ್ರಿಗರ್, ಗುರಿ ನೋಡುವ ಸೈಟ್ ಎಲ್ಲವೂ ಚೆನ್ನಾಗಿದ್ದವು. ಬ್ಯಾರಲ್ ಮಾತ್ರ ಹಾಳಾಗಿತ್ತು. ಏರ್ ರೈಫಲ್‌ನ ಬ್ಯಾರಲ್ ಗುಂಡು ಹಾರಿಸಿ ಹಾಳಾಗುವುದು ಬಹಳ ಕಡಿಮೆ. ಸೀಸ ಮೆದು, ಗಾಳಿಯಲ್ಲಿ ಬೆಂಕಿಯಿಲ್ಲ, ಉಕ್ಕು ಸವೆಯುವುದಿಲ್ಲ. ಅದು ಕೆಡುವುದು ಆರೈಕೆಯಿಂದ. ಹಿಂದಿನವರು ಬಾಯಿಯ ಕಡೆಯಿಂದ ಉಕ್ಕಿನ ಸರಳು ತೂರಿಸಿ ಒರೆಸಿದ್ದರು. ಬಾಯಿಯ ಅಂಚು ಒಂದು ಕಡೆ ಸವೆದಿತ್ತು. ಗುಂಡು ಹೊರಗೆ ಬರುವಾಗ ಅದರ ಹಿಂದಿನ ಗಾಳಿ ಸುತ್ತಲೂ ಸಮನಾಗಿ ಬಿಡುಗಡೆಯಾಗದಿದ್ದರೆ ಗುಂಡಿನ ಬಾಲ ಓರೆಯಾಗುತ್ತದೆ. ಸಾಲದ್ದಕ್ಕೆ ಮಳೆಗಾಲವಿಡೀ ಸ್ಪಂಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಸ್ಪಂಜು ಹೀರಿದ ತೇವ ಉಕ್ಕಿಗೆ ಇಳಿದು ಒಳಗೆ ತುಕ್ಕಿನ ಚುಕ್ಕೆಗಳಾಗಿದ್ದವು.

ಬೆಂಗಳೂರಿನ ಒಬ್ಬ ಪರವಾನಗಿ ಇರುವ ದುರಸ್ತಿಗಾರರು ಬಾಯಿಯನ್ನು ಎರಡು ಮಿಲಿಮೀಟರ್ ಕತ್ತರಿಸಿ ಹೊಸದಾಗಿ ಅಂಚು ಮಾಡಿಕೊಟ್ಟರು. ರೈಫಲ್ ಅನ್ನು ಅಲುಗದಂತೆ ಹಿಡಿಯುವ ವೈಸ್‌ಗೆ ಕಚ್ಚಿಸಿ ಹತ್ತು ಗುಂಡು ಹಾರಿಸಿದರೆ ಮೊದಲು ಎಂಟು ಮಿಲಿಮೀಟರಿಗೂ ಅಗಲವಾಗುತ್ತಿದ್ದ ತೂತು ಏಳಕ್ಕೆ ಇಳಿಯಿತು. ಅಷ್ಟಕ್ಕೆ ನಿಂತಿತು. ಈ ಅಳತೆ ಏಕೆ ಮುಖ್ಯವೆಂದರೆ, 10 ಮೀಟರ್ ಗುರಿಹಲಗೆಯಲ್ಲಿ ಹತ್ತರ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್ ಮಾತ್ರ. ಒಂದು ಹೊಡೆತಕ್ಕೆ ಸಿಗುವ ಅತಿ ಹೆಚ್ಚಿನ ಅಂಕವಾದ 10.9 ಬೇಕಾದರೆ ಗುಂಡಿನ ನಡು ಚುಕ್ಕೆಯ ನಡುವಿನಿಂದ ಕಾಲು ಮಿಲಿಮೀಟರ್ ಒಳಗೆ ಇರಬೇಕು. ಅಲ್ಲಿಂದ ಹೊರಗೆ ಪ್ರತಿ ಕಾಲು ಮಿಲಿಮೀಟರಿಗೆ ಒಂದೊಂದು ದಶಾಂಶ ಹೋಗುತ್ತದೆ. ಗುಂಡಿನ ಅಗಲವೇ 4.5 ಮಿಲಿಮೀಟರ್. ಹತ್ತು ಗುಂಡು ಸೇರಿ ಐದು ಮಿಲಿಮೀಟರಿನ ಆಸುಪಾಸಿನ ತೂತು ಮಾಡಿದರೆ ತಪ್ಪೆಲ್ಲ ನನ್ನದೇ ಎಂದು ಒಪ್ಪಿಕೊಳ್ಳಬಹುದು. ಏಳಾದರೆ ತಪ್ಪು ನನ್ನದೋ ರೈಫಲ್‌ನದೋ ಎಂದು ತಿಳಿಯುವ ದಾರಿಯೇ ಇಲ್ಲ. ಕಲಿಯುವವನಿಗೆ ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿಲ್ಲ.

ಹೊಸ ಬ್ಯಾರಲ್ ಆರಿಸುವಾಗ ಅಂಗಡಿಗಳಲ್ಲಿ ಕೇಳಿದ ಮಾತು ಒಂದೇ: ಉದ್ದವಾದದ್ದು ತೆಗೆದುಕೊಳ್ಳಿ, ಗುರಿ ಚೆನ್ನಾಗಿ ಬರುತ್ತದೆ. ಇದು 10 ಮೀಟರಿಗೆ ನಿಜವಲ್ಲ. ಗುಂಡು ಬ್ಯಾರಲ್ ಒಳಗೆ ಹೆಚ್ಚು ಹೊತ್ತು ಇದ್ದಷ್ಟೂ ನಮ್ಮ ಮೈಯ ಓಲಾಟ ಅದಕ್ಕೆ ಅಂಟಿಕೊಳ್ಳುತ್ತದೆ. ಇಂದಿನ ಸ್ಪರ್ಧಾ ರೈಫಲ್‌ಗಳಲ್ಲಿ ನಿಜವಾದ ಬ್ಯಾರಲ್ ಸುಮಾರು 42 ಸೆಂಟಿಮೀಟರ್ ಮಾತ್ರ. ಹೊರಗೆ ಕಾಣುವ ಉದ್ದ ಮುಂದಿನ ಸೈಟ್ ದೂರವಿರಲೆಂದು ಹಾಕಿದ ಖಾಲಿ ಕೊಳವೆ. ಬಲ ಹೆಚ್ಚಿಸುವ ಆಸೆಯೂ ಬೇಡ. 0.53 ಗ್ರಾಂ ಗುಂಡು ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೋದರೆ ಎಂಟು ಜೌಲ್ ಕೂಡ ಆಗುವುದಿಲ್ಲ, ಕಾಗದಕ್ಕೆ ಅದು ಧಾರಾಳ. 4.5 ಮಿಲಿಮೀಟರ್ ರಂಧ್ರ ಅಥವಾ 20 ಜೌಲ್ ಮೀರಿದ ಏರ್ ರೈಫಲ್‌ಗೆ ನಮ್ಮ ದೇಶದಲ್ಲಿ ಪರವಾನಗಿ ಬೇಕು. ಆ ಗೆರೆಯ ಹತ್ತಿರವೂ ಹೋಗುವ ಅಗತ್ಯ ಈ ಆಟಕ್ಕಿಲ್ಲ.

ಮೊದಲು ನೋಡಿದ್ದು ಅಗ್ಗದ ಒಂದು ಬ್ಯಾರಲ್. ದುರಸ್ತಿಗಾರರು ಅದರೊಳಗೆ ಒಂದು ಗುಂಡು ಹಾಕಿ ಮರದ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು "ಕಣ್ಣು ಮುಚ್ಚಿಕೊಂಡು ತಳ್ಳಿ ಸರ್" ಎಂದರು. ಬಿಗಿಯಾಗಿ ಹೊರಟ ಗುಂಡು ನಡುವೆ ಒಂದೆಡೆ ಸಡಿಲವಾಗಿ ಜಾರಿತು, ಮತ್ತೆ ಬಿಗಿಯಾಯಿತು. ಸಡಿಲ ಜಾಗ ದಾಟಿದ ಗುಂಡು, ಅದನ್ನು ತಿರುಗಿಸಲೆಂದು ಬ್ಯಾರಲ್ ಒಳಗೆ ಮೂಡಿಸಿದ ಸುರುಳಿ ಗೀರುಗಳನ್ನು ಮತ್ತೆ ಸರಿಯಾಗಿ ಕಚ್ಚುವುದಿಲ್ಲ. ಆಮೇಲೆ ಲೋಥರ್ ವಾಲ್ಟರ್ ಬ್ಯಾರಲ್ ತಳ್ಳಿ ನೋಡಿದೆ. ತುದಿಯವರೆಗೂ ಒಂದೇ ಭಾರ, ಕೊನೆಯಲ್ಲಿ ಚೋಕ್‌ನ ಹಿಡಿತ. ಅಂದೇ ನಿರ್ಧಾರವಾಯಿತು. ರೈಫಲ್ ಮಾಡುವ ಕಾರ್ಲ್ ವಾಲ್ಟರ್ ಬೇರೆ, ಇದು ಬೇರೆ. ಹೆಸರು ಒಂದೇ ಎಂದು ಹಲವರು ಗೊಂದಲ ಮಾಡಿಕೊಳ್ಳುತ್ತಾರೆ. ಆ ಮನೆತನದವರೇ ಆದ ಲೋಥರ್ 1925ರಲ್ಲಿ ಬ್ಯಾರಲ್‌ಗಾಗಿಯೇ ತೆರೆದ ಕಾರ್ಖಾನೆ ಇದು, ಈಗ ಜರ್ಮನಿಯ ಕೋನಿಗ್ಸ್‌ಬ್ರಾನ್‌ನಲ್ಲಿದೆ. ರಂಧ್ರ ಕೊರೆದ ಮೇಲೆ ಗಟ್ಟಿ ಲೋಹದ ಗುಂಡಿಯನ್ನು ಒಳಗಿನಿಂದ ಎಳೆದು ಗೀರು ಮೂಡಿಸುತ್ತಾರೆ. ಲೋಹವನ್ನು ಕೆತ್ತಿ ತೆಗೆಯದೆ ಒತ್ತಿ ಮೂಡಿಸುವುದರಿಂದ ಒಳಮೈ ಕನ್ನಡಿಯಂತೆ ಉಳಿಯುತ್ತದೆ.

ಪರವಾನಗಿ ಇರುವ ವ್ಯಾಪಾರಿಯ ಮೂಲಕ ತರಿಸಿ, ಸುಂಕ, ಹೊರಮೈಯನ್ನು ಲೇತ್‌ನಲ್ಲಿ ಅಳತೆಗೆ ತರುವ ಕೆಲಸ, ಕೂರಿಸುವ ಕೂಲಿ ಎಲ್ಲ ಸೇರಿ 34,000 ರೂಪಾಯಿ ಆಯಿತು. ಹಬ್ಬದ ಮುಂಚಿನ ಒಂದು ಆರ್ಡರಿನ ಲಾಭ ಪೂರ್ತಿ ಅದಕ್ಕೆ ಹೋಯಿತು. ಹೊಸ ಬ್ಯಾರಲ್‌ನ ಮುಂಭಾರ ಹಳೆಯದಕ್ಕಿಂತ ಸ್ವಲ್ಪ ಹೆಚ್ಚು. ದಿನವಿಡೀ ಕತ್ತರಿಸುವ ಮೇಜಿನ ಮೇಲೆ ಬಗ್ಗಿ ನಿಲ್ಲುವ ನನ್ನ ಸೊಂಟಕ್ಕೆ ಮೊದಲ ತಿಂಗಳು ಕಷ್ಟವಾಯಿತು, ಆಮೇಲೆ ಅದೇ ಭಾರ ರೈಫಲ್ ಅನ್ನು ನಿಲ್ಲಿಸಿಕೊಡತೊಡಗಿತು.

ಗುಂಡು ಹುಡುಕುವ ಕೆಲಸ ಅಲ್ಲಿಂದ ಶುರುವಾಯಿತು. ಸ್ಪರ್ಧೆಯ ಗುಂಡುಗಳು ತಲೆಯ ಅಳತೆಯಲ್ಲಿ 4.48, 4.49, 4.50, 4.51 ಎಂದು ಬೇರೆ ಬೇರೆ ಡಬ್ಬಿಗಳಲ್ಲಿ ಬರುತ್ತವೆ. ವೈಸ್‌ನ ಹಲ್ಲಿಗೆ ಎಂಟು ಮಡಿಕೆ ಡೆನಿಮ್ ಸುತ್ತಿ ರೈಫಲ್ ಕಚ್ಚಿಸಿ ಪ್ರತಿಯೊಂದರಲ್ಲೂ ಹತ್ತತ್ತು ಗುಂಡು ಹಾರಿಸಿದೆ. 4.51ರಲ್ಲಿ ತೂತು ಆರು ದಾಟಿತು. ಒಂದು 4.49ರ ಡಬ್ಬಿಯಲ್ಲಿ 5.3 ಬಂತು. ಹತ್ತು ಗುಂಡು ಒಂದೇ ದುಂಡು ತೂತಿನಲ್ಲಿ ಹೋಗಿ, ಕಾಗದದ ಅಂಚು ಕೂಡ ಹರಿಯದೆ ನಿಂತದ್ದನ್ನು ಕಂಡು ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಅದೇ ವಾರ ಅದೇ ಗುಂಡಿನ ಹದಿನಾರು ಡಬ್ಬಿ ತರಿಸಿದೆ. ಒಂದಕ್ಕೆ 1,300 ರೂಪಾಯಿ, ಒಂದೊಂದರಲ್ಲಿ 500 ಗುಂಡು.

ಮೊದಲ ವರ್ಷ ಒಂದೇ ಒಂದು ಕಿರಿಕಿರಿ. ಫೆಲ್ಟ್ ಹೊರಗೆ ಬಂದಾಗ ಸೀಸದ ಬೂದು ಬಣ್ಣದ ಜೊತೆ ತೆಳ್ಳನೆಯ ನೀಲಿ ಇರುತ್ತಿತ್ತು. ಎಲ್ಲಿಂದ ಎಂದು ಯೋಚಿಸಿ ಯೋಚಿಸಿ ಕೊನೆಗೆ ತಿಳಿಯಿತು: ಕೆಳಗೆ ಹೊಲಿಯುವಾಗ ಏಳುವ ಡೆನಿಮ್ ಜುಂಗು ಮೆಟ್ಟಿಲ ಮೇಲೆ ಹತ್ತಿ ಬಂದು ಎಲ್ಲದರ ಮೇಲೂ ಕೂರುತ್ತದೆ. ಜೊತೆಗೆ ಬೇಸಿಗೆಯಲ್ಲಿ ಹೊಸಪೇಟೆ ರಸ್ತೆಯ ಅದಿರು ಲಾರಿಗಳ ಕೆಂಪು ಧೂಳು. ಎಣ್ಣೆ ಹೆಚ್ಚಾದರೆ ಇವೆರಡೂ ಒಳಗೆ ಅಂಟಿಕೊಳ್ಳುತ್ತವೆ. ಈಗ ಎಣ್ಣೆಯ ಫೆಲ್ಟ್ ಒಂದು, ಒಣ ಫೆಲ್ಟ್ ಮೂರು. ಬಾಯಿಗೆ ಒಂದು ರಬ್ಬರ್ ಮುಚ್ಚಳ. ನೀಲಿ ಬರುವುದು ನಿಂತಿದೆ. ಬಳ್ಳಾರಿಯ ಒಣ ಹವೆ ಉಕ್ಕಿಗೆ ಒಳ್ಳೆಯದು, ಮೂರು ವರ್ಷದಲ್ಲಿ ತುಕ್ಕಿನ ಒಂದು ಚುಕ್ಕೆಯೂ ಕಂಡಿಲ್ಲ. ಪೆಟ್ಟಿಗೆಯ ಸ್ಪಂಜನ್ನು ಮೊದಲ ದಿನವೇ ಕಿತ್ತೆಸೆದು ಹಳೆಯ ಜೀನ್ಸ್ ಬಟ್ಟೆ ಹಾಸಿದ್ದೇನೆ.

ಇಷ್ಟು ಬರೆದು ನಿಲ್ಲಿಸಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ. ಎರಡನೆಯ ವರ್ಷ ನನ್ನ ತಮ್ಮನ ಮಗಳೂ ಅಭ್ಯಾಸಕ್ಕೆ ಬರತೊಡಗಿದಳು. ಡಬ್ಬಿಗಳು ಬೇಗ ಖಾಲಿಯಾದವು, ಎರಡು ಉಳಿದಿರುವಾಗ ಹೊಸದಾಗಿ ಆರು ತರಿಸಿದೆ. ಅದೇ ಹೆಸರು, ಅದೇ ಮುಚ್ಚಳ, ಅದೇ 4.49. ಮುಂದಿನ ಮೂರು ವಾರ ಇಬ್ಬರ ಅಂಕವೂ ಕುಸಿಯಿತು. ಒಳ್ಳೆಯ ಹೊಡೆತ ಎಂದು ಮೈ ಹೇಳಿದ ಗುಂಡುಗಳು 9.8ಕ್ಕೆ ಹೋಗುತ್ತಿದ್ದವು. ಬ್ಯಾರಲ್ ಹೋಯಿತು ಎಂದೇ ನನ್ನ ಎದೆ ಹೊಡೆದುಕೊಂಡಿತು. ಆ ಹುಡುಗಿಯನ್ನು ಕರೆದು "ರೈಫಲ್ ಎಲ್ಲಾದರೂ ತಾಗಿಸಿದೆಯಾ? ನಿಜ ಹೇಳು" ಎಂದು ಗದರಿದೆ. ಅವಳು ಕಣ್ಣು ತುಂಬಿಕೊಂಡು ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ ಎರಡು ಡಬ್ಬಿಗಳನ್ನು ಕೈಯಲ್ಲಿ ಹಿಡಿದು ಬಂದಳು. "ದೊಡ್ಡಪ್ಪ, ಹಿಂಬದಿಯ ನಂಬರ್ ಬೇರೆ ಬೇರೆ ಇದೆ ನೋಡಿ."

ಇಬ್ಬರೂ ಸೇರಿ ವೈಸ್‌ಗೆ ರೈಫಲ್ ಕಚ್ಚಿಸಿದೆವು. ಆ ನಂಬರ್ ಲಾಟ್‌ನದು, ಅಂದರೆ ಒಂದೇ ಸಲ ತಯಾರಾದ ಕಂತಿನದು. ಹಳೆಯ ಲಾಟ್‌ನ ಹತ್ತು ಗುಂಡು: 5.3. ಹೊಸ ಲಾಟ್‌ನ ಹತ್ತು: 6.4. ಮತ್ತೆ ಹಳೆಯದು: 5.3. ಬ್ಯಾರಲ್‌ಗೆ ಏನೂ ಆಗಿರಲಿಲ್ಲ. ಅಚ್ಚು ಸವೆಯುತ್ತದೆ, ಸೀಸ ಬದಲಾಗುತ್ತದೆ, ಮುಚ್ಚಳದ ಮೇಲಿನ ಸಂಖ್ಯೆ ಮಾತ್ರ ಹಾಗೆಯೇ ಇರುತ್ತದೆ. ನಮ್ಮ ವೃತ್ತಿಯಲ್ಲಿ ಇದನ್ನು ಹೊಸಬನಿಗೂ ಹೇಳಿಕೊಡುತ್ತೇವೆ. ಒಂದೇ ನಂಬರಿನ ಎರಡು ಥಾನು ಡೆನಿಮ್ ಬಂದರೂ ಒಂದು ಪ್ಯಾಂಟಿಗೆ ಎರಡರಿಂದ ಕತ್ತರಿಸುವಂತಿಲ್ಲ, ಒಗೆತಕ್ಕೆ ಹೋಗಿ ಬಂದರೆ ಎಡಗಾಲು ಒಂದು ನೀಲಿ, ಬಲಗಾಲು ಇನ್ನೊಂದು ನೀಲಿ. ಲಾಟ್ ನೋಡದೆ ಬಟ್ಟೆ ಮುಟ್ಟದ ನಾನು ಗುಂಡಿನಲ್ಲಿ ಅದನ್ನು ನೋಡಲಿಲ್ಲ. ಅಂದು ರಾತ್ರಿ ತಮ್ಮನ ಮನೆಗೆ ಹೋಗಿ ಮಗುವಿನ ಹತ್ತಿರ ತಪ್ಪಾಯಿತು ಎಂದು ಹೇಳಿ ಬಂದೆ.

ನನ್ನ ಸಿಟ್ಟು ಈಗಲೂ ಆರಿಲ್ಲದಿರುವುದು ಮಾರುವವರ ಮೇಲೆ. ಲಾಟ್ ಸಂಖ್ಯೆ ಹೇಳಿ ಗುಂಡು ಕೇಳಿದರೆ "ಎಲ್ಲ ಒಂದೇ" ಎನ್ನುತ್ತಾರೆ. ಹತ್ತು ಗುಂಡು ಮಾದರಿಗೆ ಕೊಡಿ, ಹೊಂದಿದರೆ ಇಪ್ಪತ್ತು ಡಬ್ಬಿ ಒಟ್ಟಿಗೆ ಕೊಳ್ಳುತ್ತೇನೆ ಎಂದರೂ ಒಪ್ಪುವುದಿಲ್ಲ. ತೆರೆಯದ ಐದು ಡಬ್ಬಿ ಹಿಂದಿರುಗಿಸಲು ಕೇಳಿದಾಗ ಒಬ್ಬರು ಫೋನನ್ನೇ ಇಟ್ಟರು. ದೊಡ್ಡ ಸ್ಪರ್ಧಿಗಳು ಜರ್ಮನಿಯ ಗುಂಡು ತಯಾರಿಸುವ ಕಾರ್ಖಾನೆಗೇ ರೈಫಲ್ ಒಯ್ದು ಲಾಟ್ ಆರಿಸಿಕೊಂಡು ಬರುತ್ತಾರೆ. ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ಆಡುವ ಮಕ್ಕಳಿಗೆ ಬೆಂಗಳೂರಿನ ಅಂಗಡಿಯಲ್ಲಿಯೂ ಆ ಅವಕಾಶ ಇಲ್ಲದಿರುವುದು ಅನ್ಯಾಯ. 34,000 ರೂಪಾಯಿಯ ಬ್ಯಾರಲ್ ಹಾಕಿಸಿದವನು 7,800 ರೂಪಾಯಿಯ ತಪ್ಪು ಗುಂಡಿನಿಂದ ಅದರ ಅರ್ಧ ಗುಣವನ್ನೂ ಕಾಣದೆ ಹೋಗಬಹುದು.

ಆದ್ದರಿಂದ ನನ್ನ ಸಲಹೆ ಹಣದ ಮೇಲೆ ನಿಂತಿದೆ. ಕೈಯಲ್ಲಿ ನಲವತ್ತು ಸಾವಿರ ಇದ್ದು, ಈಗಿರುವ ಬ್ಯಾರಲ್‌ನ ಬಾಯಿ ಚೆನ್ನಾಗಿದ್ದರೆ ಅದನ್ನು ಬದಲಾಯಿಸಬೇಡಿ. ಏಳೆಂಟು ಬೇರೆ ಬೇರೆ ಲಾಟ್‌ನ ಒಂದೊಂದು ಡಬ್ಬಿ ಕೊಂಡು ವೈಸ್‌ನಲ್ಲಿ ನೋಡಿ, ಹೊಂದಿದ್ದನ್ನು ಒಂದೇ ಸಲ ಎರಡು ವರ್ಷಕ್ಕಾಗುವಷ್ಟು ತರಿಸಿ. ಬಾಯಿ ಸವೆದಿದ್ದರೆ, ಒಳಗೆ ತುಕ್ಕು ತಿಂದಿದ್ದರೆ ಮಾತ್ರ ಹೊಸ ಬ್ಯಾರಲ್. ಆಗ ನಾನು ಹಾಕಿಸಿದ್ದನ್ನೇ ಧೈರ್ಯವಾಗಿ ಹಾಕಿಸಿ. ಕೊಳ್ಳುವ ಮೊದಲು ಕಣ್ಣು ಮುಚ್ಚಿ ಒಂದು ಗುಂಡು ತಳ್ಳಿ ನೋಡಲು ಬಿಡದ ಅಂಗಡಿಯಿಂದ ಬ್ಯಾರಲ್ ತರಬೇಡಿ. ಕೂರಿಸುವ ಕೆಲಸವನ್ನು ಪರವಾನಗಿ ಇಲ್ಲದ ಲೇತ್‌ನವರಿಗೆ ಕೊಡಬೇಡಿ. ಬ್ಯಾರಲ್ ಹಿಡಿದಿರುವ ಎರಡು ಸ್ಕ್ರೂಗಳ ಬಿಗಿ ಹೆಚ್ಚು ಕಡಿಮೆಯಾದರೂ ಗುರಿ ಸರಿಯುತ್ತದೆ. ಬ್ಯಾರಲ್‌ಗೆ ನನ್ನಿಂದ ಐದು ನಕ್ಷತ್ರ. ಅದಕ್ಕೆ ಗುಂಡು ಒದಗಿಸುವ ವ್ಯವಸ್ಥೆಗೆ ಒಂದು.

ಹಳೆಯ ಲಾಟ್‌ನಲ್ಲಿ ಈಗ ಉಳಿದಿರುವುದು ಒಂದೂವರೆ ಡಬ್ಬಿ. ಅವು ಹುಡುಗಿಯ ಸ್ಪರ್ಧೆಗೆ ಮೀಸಲು. ಬಾಲ ಚಪ್ಪಟೆಯಾದ ಗುಂಡುಗಳನ್ನು ಅವಳೇ ಗಾಜಿನ ತಟ್ಟೆಯ ಮೇಲೆ ಉರುಳಿಸಿ ಬೇರೆ ಮಾಡುತ್ತಾಳೆ. ಬೆಂಗಳೂರಿನ ಒಬ್ಬ ವ್ಯಾಪಾರಿ ಕೊನೆಗೂ ತಮ್ಮಲ್ಲಿರುವ ಐದು ಲಾಟ್‌ಗಳನ್ನು ನಮ್ಮ ಮುಂದೆಯೇ ತೆರೆದು ತೋರಿಸಲು ಒಪ್ಪಿದ್ದಾರೆ. ಶುಕ್ರವಾರ ರಾತ್ರಿಯ ರೈಲಿಗೆ ದೊಡ್ಡಪ್ಪ, ಮಗಳು ಇಬ್ಬರೂ ಹೊರಡುತ್ತೇವೆ. ರೈಫಲ್ ಪೆಟ್ಟಿಗೆಯ ಪಕ್ಕದಲ್ಲಿ ನಮ್ಮ ವೈಸ್ ಕೂಡ ಇದೆ, ಎಂಟು ಮಡಿಕೆ ಡೆನಿಮ್ ಸುತ್ತಿ.